ಎರಡು ರಂದಾ, ಒಂದು ಬಾಗಿಲು

ನಮ್ಮ ಪಡಸಾಲೆಯಲ್ಲಿ ಒಂದು ಗಾಜಿನ ಕಪಾಟಿದೆ. ಇಂಥ ಕಪಾಟು ಎಲ್ಲರ ಮನೆಯಲ್ಲೂ ಯಾಕಿರುತ್ತದೆ ಎಂಬುದು ನಿಮಗೂ ಗೊತ್ತು. ಉಪಯೋಗಕ್ಕೆ ಬಾರದ್ದನ್ನು ಅಟ್ಟದ ಮೇಲೆ ಎಸೆದರೆ ಗುಜರಿ, ಗಾಜಿನ ಹಿಂದಿಟ್ಟು ಕೀಲಿ ಹಾಕಿದರೆ ಸಂಗ್ರಹ. ನಮ್ಮ ಸಂಗ್ರಹದಲ್ಲಿ ಮಗಳು ರಂಗೋಲಿ ಸ್ಪರ್ಧೆಯಲ್ಲಿ ಗೆದ್ದ ಸ್ಟೀಲಿನ ಬಟ್ಟಲಿದೆ, ಯಾರೋ ಮದುವೆಯಲ್ಲಿ ಉಡುಗೊರೆ ಕೊಟ್ಟ, ಅಂದಿನಿಂದ ಒಂದು ದಿನವೂ ನಡೆಯದ ಗಡಿಯಾರವಿದೆ, ಇವೆರಡರ ನಡುವೆ ಗೇಣುದ್ದದ ಒಂದು ಕಪ್ಪು ಕಟ್ಟಿಗೆಯ ತುಂಡಿದೆ. ಮನೆಗೆ ಬಂದವರು ಚಹಾ ಬರುವವರೆಗೆ ಮಾಡಲು ಬೇರೆ ಕೆಲಸವಿಲ್ಲದೆ ಅದನ್ನೇ ನೋಡುತ್ತಾರೆ. ಒಬ್ಬರು ಭಜನೆಯ ವಾದ್ಯವೇ ಎಂದು ಕೇಳಿದರು. ಲೋಕಾಪುರದ ನಮ್ಮ ಬೀಗರು ಹಳೆಯ ಕಾಲದ ಇಸ್ತ್ರಿ ಪೆಟ್ಟಿಗೆ ಎಂದು ತಾವೇ ತೀರ್ಮಾನಿಸಿ, ತಮ್ಮ ಅಜ್ಜನ ಬಳಿ ಇದಕ್ಕಿಂತ ದೊಡ್ಡದಿತ್ತು ಎಂದೂ ಹೇಳಿ ಹೋದರು.

ಅದು ರಂದಾ. ಬಡಿಗರು ಕಟ್ಟಿಗೆಯನ್ನು ಹೆರೆದು ನುಣುಪು ಮಾಡುವ ಸಾಧನ. ಮೈಸೂರು ಕಡೆ ಅದಕ್ಕೆ ಹತ್ತರಿ ಎನ್ನುತ್ತಾರಂತೆ, ನಿಘಂಟು ತೆಗೆದರೆ ಕೀಸುಳಿ ಎಂದಿದೆ. ನಮ್ಮ ಜಮಖಂಡಿ, ಮುಧೋಳದ ಕಡೆ ಕೀಸುಳಿ ಎಂದು ಕೂಗಿದರೆ ಬಡಿಗನೂ ತಿರುಗಿ ನೋಡಲಾರ. ಕಪಾಟಿನಲ್ಲಿರುವ ರಂದಾದ ಹೊಟ್ಟೆಯಲ್ಲಿ ಒಂದು ಉದ್ದನೆಯ ಸೀಳು ಇದೆ. ಅದು ಪ್ರಾಚೀನತೆಯ ಗುರುತು ಎಂದು ಕೆಲವು ದಿನ ಬಂದವರಿಗೆಲ್ಲ ವಿವರಿಸುತ್ತಿದ್ದೆ. ಈಗ ವಿವರಿಸುವುದಿಲ್ಲ. ಬೀಗರು ಇಸ್ತ್ರಿ ಪೆಟ್ಟಿಗೆ ಎಂದರೂ ಹೌದೆನ್ನುತ್ತೇನೆ.

ನಲವತ್ತು ದಾಟಿದ ಮೇಲೆ ಒಬ್ಬೊಬ್ಬರಿಗೆ ಒಂದೊಂದು ರೋಗ ಗಂಟುಬೀಳುತ್ತದೆ. ನನ್ನ ಜೊತೆಯ ಮಾಸ್ತರರಿಗೆ ಸಕ್ಕರೆ ಬಂತು, ರಕ್ತದೊತ್ತಡ ಬಂತು. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ನನಗೆ ಹಳೆಯದರ ಹುಚ್ಚು ಹತ್ತಿತು. ಹೆಂಡತಿ ಸುಮಿತ್ರಾ ಹೊರಗೆಸೆದ ಲಾಟೀನು ರಾತ್ರಿ ಮತ್ತೆ ಒಳಗೆ ಬರತೊಡಗಿತು. ತೂತು ಬಿದ್ದ ತಾಮ್ರದ ಹಂಡೆಯನ್ನು ಮಾರಬೇಡ ಎಂದು ನಾನು ಮಾಡಿದ ಭಾಷಣ ನಲವತ್ತು ನಿಮಿಷದ ಒಂದು ಪಿರಿಯಡ್ಡಿನಷ್ಟು ಉದ್ದ ಇತ್ತೆಂದು ಆಕೆ ಇಂದಿಗೂ ಹೇಳುತ್ತಾಳೆ. ಈ ರೋಗದ ಲಕ್ಷಣವೇನೆಂದರೆ, ರೋಗಿಗೆ ಆ ವಸ್ತುವನ್ನು ಬಳಸಿ ಗೊತ್ತಿರುವುದಿಲ್ಲ. ಹಂಡೆಯಲ್ಲಿ ನೀರು ಕಾಸಿ, ಹೊಗೆಯಲ್ಲಿ ಕಣ್ಣು ಉಜ್ಜಿಕೊಂಡವಳು ನಮ್ಮ ಅವ್ವ. ಆಕೆಗೆ ಗ್ಯಾಸ್ ಗೀಜರು ಬಂದ ದಿನ ಹಂಡೆಯ ನೆನಪೇ ಆಗಲಿಲ್ಲ. ಅದನ್ನು ನೆನೆದು ಮರುಗಿದವನು, ಜೀವಮಾನವಿಡೀ ಬೇರೆಯವರು ಕಾಸಿಟ್ಟ ನೀರಿನಲ್ಲಿ ಮಿಂದ ನಾನು.

ಇಂಥ ಮನುಷ್ಯನ ಮನೆಗೆ ಒಂದು ಹಳೆಯ ಬಾಗಿಲೂ ಇದ್ದರೆ ಏನಾಗಬೇಕೋ ಅದೇ ಆಯಿತು.

ಬೀಳಗಿ ತಾಲೂಕಿನ ಹೊಳೆದಂಡೆಯ ಊರು ನಮ್ಮದು. ಗಲಗಲಿಯಿಂದ ದೂರವೇನಲ್ಲ. ಬಾಗಲಕೋಟೆ ಆಗಷ್ಟೇ ಜಿಲ್ಲೆಯಾಗಿ ಕಚೇರಿಗಳ ಫಲಕಗಳಿಗೆ ಹೊಸ ಬಣ್ಣ ಬೀಳುತ್ತಿದ್ದ ಕಾಲದಲ್ಲಿ ನಮ್ಮ ಮನೆಯ ಬಾಗಿಲಿಗೂ ಬಣ್ಣ ಬಿತ್ತು. ಆಲಮಟ್ಟಿಯ ಹಿನ್ನೀರಿಗೆ ಹೋಗುವ ಊರುಗಳ ಯಾದಿಯಲ್ಲಿ ನಮ್ಮೂರ ಹೆಸರಿತ್ತು. ಅಳೆಯುವವರು ಟೇಪು ಹಿಡಿದು ಬಂದರು, ಗೋಡೆ ಅಳೆದರು, ಗಿಡ ಎಣಿಸಿದರು, ಹೋಗುವಾಗ ಪ್ರತಿ ಮನೆಯ ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ನಂಬರು ಬರೆದು ಹೋದರು. ನಮ್ಮದು ‘ಮು. ೨೧೪’. ಮು ಎಂದರೆ ಮುಳುಗಡೆ. ಅಕ್ಷರ ಮಾತ್ರ ಅಚ್ಚು ಹಾಕಿದಂತೆ ಇತ್ತು. ನೀರಿನ ಪಾಲಾಗುವ ಮನೆಗಳ ಮೇಲೂ ಇಷ್ಟು ಚಂದ ಬರೆಯುವ ಮನುಷ್ಯ ನಮ್ಮ ಶಾಲೆಯ ಕರಿಹಲಗೆಗೆ ಸಿಗಲಿಲ್ಲವಲ್ಲ ಎಂದು ನಾನು ಆಗ ತಮಾಷೆ ಮಾಡಿದ್ದೆ. ಅಪ್ಪ, ಅವ್ವ ಇಬ್ಬರೂ ನಕ್ಕಿರಲಿಲ್ಲ.

ಊರು ಬಿಡುವಾಗ ಜನ ಮೊದಲು ಕಿತ್ತದ್ದು ಬಾಗಿಲುಗಳನ್ನು. ಬಾಗಿಲು, ಚೌಕಟ್ಟು, ತೊಲೆ, ಕಂಬ ಎಲ್ಲ ಟ್ರ್ಯಾಕ್ಟರು ಏರಿದವು. ತಮಗೆ ಬೇಡವಾದದ್ದನ್ನು ಜಮಖಂಡಿಯ ಹಳೆಯ ಸಾಮಾನಿನ ಅಂಗಡಿಗೆ ಹಾಕಿದರು. ನಮ್ಮ ಅಪ್ಪ ಮಾತ್ರ ತಲೆಬಾಗಿಲು ಎಲ್ಲಿಗೂ ಹೋಗಕೂಡದು ಎಂದು ಪಟ್ಟು ಹಿಡಿದ. ಗಟ್ಟಿ ಸಾಗವಾನಿಯ ಒಂಟಿ ಕದ, ಇಬ್ಬರು ಎತ್ತಿದರೂ ನಡು ಹಿಡಿದುಕೊಳ್ಳುವಷ್ಟು ಭಾರ. ಅಪ್ಪ ಜಮಖಂಡಿಯ ಬಾಡಿಗೆ ಮನೆಯಲ್ಲಿ ಒಂದು ವರ್ಷ ಇದ್ದು ತೀರಿಕೊಂಡ. ಬಾಗಿಲು ಆ ಮನೆಯ ಗೋಡೆಗೆ ಒರಗಿ ನಿಂತೇ ಇತ್ತು. ಮುಂದೆ ನಾನು ಸಿಮೆಂಟಿನ ಮನೆ ಕಟ್ಟಿಸಿದಾಗ ಅದನ್ನೇ ತಲೆಬಾಗಿಲಿಗೆ ಕೂರಿಸಿದೆವು.

ಆ ಬಾಗಿಲು ಮಾಡಿದವನು ನಮ್ಮೂರ ಬಡಿಗ. ಅವನನ್ನು ನಾವೆಲ್ಲ ಬಡಿಗೇರ ಅಜ್ಜ ಎನ್ನುತ್ತಿದ್ದೆವು. ಊರ ಹೆಬ್ಬಾಗಿಲಾದ ಅಗಸಿಯ ಹತ್ತಿರ ಬೇವಿನ ಗಿಡದ ಕೆಳಗೆ ಅವನ ಕೆಲಸ. ಅವನ ದೊಡ್ಡ ರಂದಾ ಹೆಚ್ಚುಕಡಿಮೆ ನನ್ನ ತೋಳಿನಷ್ಟು ಉದ್ದ ಇತ್ತು. ಮುಂದೆ ಒಂದು ಅಡ್ಡಗೂಟ, ಅದಕ್ಕೆ ಹಗ್ಗ. ಅಜ್ಜ ಹಿಂದಿನಿಂದ ನೂಕಬೇಕು, ಮಗ ಮಾನಪ್ಪ ಮುಂದಿನಿಂದ ಎಳೆಯಬೇಕು. ಸುರುಳಿ ಸುರುಳಿಯಾಗಿ ಬೀಳುವ ಸಿಪ್ಪೆಯನ್ನು ಕೈಗೆ ಬಳೆ, ಕಿವಿಗೆ ಝುಮಕಿ ಮಾಡಿಕೊಂಡು ನಾವು ಊರೆಲ್ಲ ಮೆರೆಯುತ್ತಿದ್ದೆವು. ಅಮಾವಾಸ್ಯೆಯ ದಿನ ಮಾತ್ರ ಗಿಡದ ಕೆಳಗೆ ಸದ್ದಿರುತ್ತಿರಲಿಲ್ಲ. ಅಂದು ಬಡಿಗರು, ಕಮ್ಮಾರರು ಉಳಿ ಸುತ್ತಿಗೆ ಮುಟ್ಟುವುದಿಲ್ಲ. ನಮ್ಮ ಸಾಲೆಗೆ ರವಿವಾರ ರಜೆ, ಅವರಿಗೆ ಅಮಾವಾಸ್ಯೆ, ಹೀಗಾಗಿ ಅವರ ತಿಂಗಳಿಗಿಂತ ನಮ್ಮ ತಿಂಗಳು ಬಹಳ ಸುಖದ್ದು ಎಂದು ನಾನು ಆಗಲೇ ಲೆಕ್ಕ ಹಾಕಿ ಮಾಸ್ತರನಾಗುವ ನಿರ್ಧಾರ ಮಾಡಿರಬೇಕು.

ಇನ್ನು ನನ್ನ ಹುಚ್ಚಿಗೆ ಬರೋಣ. ಹೊಸ ಮನೆಯಲ್ಲಿ ಆ ಬಾಗಿಲು ಏಳೆಂಟು ವರ್ಷ ತನ್ನ ಪಾಡಿಗೆ ತಾನು ಇತ್ತು. ಧೂಳು, ಎಣ್ಣೆಯ ಜಿಡ್ಡು, ಬಿಸಿಲು ಸೇರಿ ಕೆಂಪು ನಂಬರು ಇದೆಯೋ ಇಲ್ಲವೋ ಎಂಬಷ್ಟು ಮಾಸಿತ್ತು. ಒಂದು ಬೇಸಿಗೆ ರಜೆಯಲ್ಲಿ ಅದು ನನ್ನ ಕಣ್ಣಿಗೆ ಬಿತ್ತು. ಎಂಥ ದಾಖಲೆ, ಎಂಥ ಇತಿಹಾಸ, ಮನೆಯಲ್ಲೇ ಇಟ್ಟುಕೊಂಡು ಮಕ್ಕಳಿಗೆ ಸಿಂಧೂ ಕಣಿವೆಯ ಪಾಠ ಮಾಡುತ್ತಿದ್ದೇನಲ್ಲ ಎಂದು ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಸೋಡಾ ಹಾಕಿ ಬಾಗಿಲು ತೊಳೆದೆ. ಒಣಗಿಸಿದೆ. ಕೆಂಪು ಆಯಿಲ್ ಪೇಂಟು ತಂದು ಅಳಿಸಿಹೋದ ಅಂಕಿಗಳನ್ನು ಸಣ್ಣ ಕುಂಚದಿಂದ ತಿದ್ದಿದೆ. ಮೇಲೆ ಮೂರು ಕೋಟು ವಾರ್ನಿಶ್ ಬಳಿದೆ. ‘ಮು. ೨೧೪’ ಓಣಿಯ ಆ ತುದಿಯಿಂದ ಕಾಣುವಂತೆ ಹೊಳೆಯತೊಡಗಿತು. ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಕೃಷ್ಣೆ, ಆಣೆಕಟ್ಟು, ಹಿನ್ನೀರು ಎಲ್ಲ ವಿವರಿಸಿದ ಮೇಲೆಯೇ ಒಳಗೆ ಬಿಡುತ್ತಿದ್ದೆ. ಬರುವವರು ಕಡಿಮೆಯಾದರು.

ಆ ಮಳೆಗಾಲದಲ್ಲಿಯೇ ಅವ್ವ ಹಿತ್ತಲ ಬಾಗಿಲು ಹಿಡಿದಳು. ನಮ್ಮ ಅವ್ವ ಮದುವೆಯಾಗಿ ಬಂದ ದಿನದಿಂದ ನಸುಕಿನಲ್ಲೇ ಎದ್ದು ತಲೆಬಾಗಿಲು ತೆಗೆದು, ಅಂಗಳ ಗುಡಿಸಿ, ನೀರು ಹೊಡೆದು, ಹೊಸ್ತಿಲಿಗೆ ಕುಂಕುಮ ಹಚ್ಚಿದವಳು. ಎಪ್ಪತ್ತೈದು ದಾಟಿದರೂ ಆ ಕೆಲಸವನ್ನು ಸೊಸೆಗೆ ಬಿಟ್ಟುಕೊಟ್ಟಿರಲಿಲ್ಲ. ಈಗ ಒಮ್ಮೆಲೇ ಬಿಟ್ಟುಕೊಟ್ಟಳು. ಕೇಳಿದರೆ ಬಾಗಿಲು ಬಿಗಿಯುತ್ತದೆ, ಎಳೆಯಲು ಆಗುವುದಿಲ್ಲ, ಮೊಣಕಾಲು ನೋಯುತ್ತದೆ ಎಂದಳು. ಬಾಗಿಲು ಬಿಗಿಯುವುದು ನಿಜವೇ. ಮಳೆಗಾಲದಲ್ಲಿ ಅದು ಉಬ್ಬಿ ಚೌಕಟ್ಟಿಗೆ ಕಚ್ಚುತ್ತಿತ್ತು. ಹಿಂದೆಯೂ ಕಚ್ಚುತ್ತಿತ್ತು, ಆಗ ಅವ್ವ ಭುಜ ಕೊಟ್ಟು ಒಮ್ಮೆ ಎತ್ತಿ ಎಳೆದು ತೆಗೆಯುತ್ತಿದ್ದಳು. ವಯಸ್ಸಾಯಿತು ಎಂದುಕೊಂಡೆ.

ಸುಮಿತ್ರಾಳಿಗೆ ಅತ್ತೆಯ ಹೊಸ ಪದ್ಧತಿ ಸರಿಬರಲಿಲ್ಲ. ಹಿರಿಯಳು ಮನೆಯ ಹಿಂದಿನಿಂದ ಓಡಾಡುವುದು ನೋಡಿದವರಿಗೆ ಹೇಗೆ ಕಾಣುತ್ತದೆ, ಸೊಸೆ ಏನೋ ಮಾಡಿದ್ದಾಳೆ ಎಂದುಕೊಳ್ಳುವುದಿಲ್ಲವೇ ಎಂಬುದು ಆಕೆಯ ಸಂಕಟ. ಅದಕ್ಕೆ ಆಕೆ ಸೂಚಿಸಿದ ಪರಿಹಾರವೂ ಸರಳವಾಗಿತ್ತು. ಈ ಬಾಗಿಲು ಕಿತ್ತು, ಪೇಟೆಯಲ್ಲಿ ಸಿಗುವ ಹಗುರಾದ ಪ್ಲೈವುಡ್ ಬಾಗಿಲು ಕೂರಿಸುವುದು. ನಾನು ಅಂದು ಊಟ ಮಾಡಲಿಲ್ಲ. ಮರುವರ್ಷ ಚೈತ್ರದ ಬಿಸಿಲಿನಲ್ಲಿ ಬಾಗಿಲು ಸೊರಗಿ ಸಂದಿಯಲ್ಲಿ ಬೆಳಕು ಕಾಣುತ್ತಿತ್ತು. ಎದುರು ಮನೆಯವರು ಅರಿಷಿಣ ಕುಂಕುಮಕ್ಕೆ ಕರೆದಾಗ ಅವ್ವ ಇಳಕಲ್ ಸೀರೆ ಉಟ್ಟು, ಹಿತ್ತಲಿನ ಕೆಸರು ದಾಟಿ, ಮನೆ ಸುತ್ತಿಕೊಂಡು ಎದುರು ಮನೆಗೆ ಹೋದಳು. ಬಾಗಿಲು ಈಗ ಸಡಿಲಾಗಿದೆ ಎಂದೆ. ‘ರೂಢಿ ಆಗೇತಿ ಬಿಡೋ ತಮ್ಮಾ’ ಎಂದಳು. ಬಾಗಿಲ ಭಯ ಆಕೆಯ ಮನಸ್ಸಿನಲ್ಲಿ ಕೂತುಬಿಟ್ಟಿದೆ ಎಂದು ನಾನು ಸುಮಿತ್ರಾಳಿಗೆ ಮನಶ್ಶಾಸ್ತ್ರ ಹೇಳಿದೆ. ಬಿ.ಎಡ್. ಮಾಡುವಾಗ ಅದೂ ಒಂದು ವಿಷಯವಿತ್ತು.

ಅವ್ವನನ್ನು ತಲೆಬಾಗಿಲಿಗೆ ಮರಳಿ ತರಬೇಕು, ಬಾಗಿಲನ್ನೂ ಉಳಿಸಬೇಕು. ಎರಡಕ್ಕೂ ಒಂದೇ ದಾರಿ, ಬಾಗಿಲ ಅಂಚನ್ನು ಒಂದಿಷ್ಟು ಹೆರೆಯುವುದು. ಬಡಿಗನನ್ನು ಕರೆದರೆ ಅರ್ಧ ದಿನದ ಕೆಲಸ. ಮಾನಪ್ಪ ಪುನರ್ವಸತಿ ಕೇಂದ್ರದಲ್ಲಿ ಕರೆಂಟಿನ ಮಷೀನು ಹಾಕಿಕೊಂಡು ಚೆನ್ನಾಗಿಯೇ ಇದ್ದ. ಆದರೆ ಬಡಿಗೇರ ಅಜ್ಜನ ಬಾಗಿಲಿಗೆ ಮಷೀನು ತಾಗಿಸುವುದೆಂದರೆ ನನಗೆ ಮೈ ಉರಿಯಿತು. ಕೈಯಿಂದಲೇ ಹೆರೆಯಬೇಕು, ನಾನೇ ಹೆರೆಯಬೇಕು ಎಂದು ನಿಶ್ಚಯಿಸಿದೆ. ಅಲ್ಲಿಯವರೆಗೆ ನಾನು ಕೈಯಾರೆ ಹೆರೆದದ್ದು ಪೆನ್ಸಿಲು ಮತ್ತು ಒಮ್ಮೆ ತೆಂಗಿನಕಾಯಿ.

ಶಾಲೆಯ ಕಂಪ್ಯೂಟರಿಗೆ ಆಗಷ್ಟೇ ಇಂಟರ್ನೆಟ್ಟು ಬಂದಿತ್ತು. ರಂದಾ ಕೊಳ್ಳುವುದು ಹೇಗೆ ಎಂದು ಹುಡುಕಿದೆ. ನೋಡಿದರೆ ಜಗತ್ತಿನ ತುಂಬ ಜನ ಅದೇ ವಿಷಯಕ್ಕೆ ಬಡಿದಾಡುತ್ತಿದ್ದಾರೆ. ಹಳೆಯ ರಂದಾ ಲೇಸು ಎನ್ನುವವರದೊಂದು ಬಣ, ಹೊಸದು ಲೇಸು ಎನ್ನುವವರದೊಂದು ಬಣ, ಹೋಳಿಯಲ್ಲಿ ಎರಡು ಓಣಿಯವರು ಎದುರುಬದುರು ನಿಂತ ಹಾಗೆ. ಹಳೆಯ ಉಕ್ಕಿನ ಗುಣ ಈಗಿನದಕ್ಕಿಲ್ಲ ಎಂದು ಒಬ್ಬ, ಹಳೆಯದರ ತುಕ್ಕು ತೆಗೆಯುವುದರಲ್ಲಿ ಆಯುಷ್ಯ ಹೋಯಿತು ಎಂದು ಇನ್ನೊಬ್ಬ. ನನ್ನ ಇಂಗ್ಲಿಷಿಗೆ ಅರ್ಧ ತಿಳಿಯಿತು, ಉಳಿದರ್ಧವನ್ನು ನನ್ನ ಪರವಾಗಿ ಅರ್ಥ ಮಾಡಿಕೊಂಡೆ. ಅವರು ಯಾರೂ ಎಷ್ಟು ಬಾಗಿಲು ಹೆರೆದಿದ್ದೇವೆ ಎಂದು ಬರೆದಿರಲಿಲ್ಲ. ಎರಡೂ ಕೊಂಡು ಪರೀಕ್ಷಿಸುವುದೇ ವೈಜ್ಞಾನಿಕ ಎನಿಸಿತು.

ಹೊಸದನ್ನು ಬನಹಟ್ಟಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ತಂದೆ. ಕಬ್ಬಿಣದ ಮೈ, ನೀಲಿ ಬಣ್ಣ, ಕರಿ ಪ್ಲಾಸ್ಟಿಕ್ ಹಿಡಿಕೆ. ಆ ಓಣಿಯ ನೇಕಾರರ ಮಗ್ಗದ ಸದ್ದಿನ ನಡುವೆ ಅಂಗಡಿಯವನು ಕೂಗಿ ಹೇಳಿದ್ದು ನನಗೆ ಕೇಳಿಸಿದ್ದು ಕಂಪನಿ ಮಾಲು ಎಂಬುದಷ್ಟೇ. ಮನೆಗೆ ಬಂದು ಪೊಟ್ಟಣ ಬಿಚ್ಚಿ, ದೇವರಿಗೆ ಕೈಮುಗಿದು, ಬಾಗಿಲ ಅಂಚಿಗಿಟ್ಟು ನೂಕಿದೆ. ಅದು ಗೇಣುದ್ದ ಹೋಗಿ ಗಕ್ಕನೆ ನಿಂತಿತು. ಇನ್ನೂ ಜೋರಾಗಿ ನೂಕಿದೆ. ಇಲಿ ಕಡಿದ ರೊಟ್ಟಿಯ ಹಾಗೆ ಅಂಚಿನಲ್ಲಿ ಒಂದು ಚೂರು ಎದ್ದು ಬಂತು. ನಾಲ್ಕು ಸಲ ನೂಕಿ ನಾಲ್ಕು ಗಾಯ ಮಾಡಿ ನಿಲ್ಲಿಸಿದೆ. ಹೊಸದರ ಹಣೆಬರಹವೇ ಇಷ್ಟು ಎಂದು ಸುಮಿತ್ರಾಳಿಗೆ ಹೇಳಿದೆ. ಆಕೆ ಗಾಯಗಳನ್ನು ನೋಡಿದಳು, ನನ್ನನ್ನು ನೋಡಿದಳು, ಪ್ಲೈವುಡ್ಡಿನ ಮಾತು ತೆಗೆಯದೆ ಒಳಗೆ ಹೋದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಆಕೆ ನನಗೆ ತೋರಿಸಿದ ದೊಡ್ಡ ದಯೆ ಅದು.

ಹಳೆಯದು ಸಿಕ್ಕಿದ್ದು ಜಮಖಂಡಿಯ ಅದೇ ಹಳೆಯ ಸಾಮಾನಿನ ಅಂಗಡಿಯಲ್ಲಿ. ಮುರುಕು ಸೈಕಲ್ಲುಗಳ ಅಡಿಯಿಂದ ಅಂಗಡಿಯವನು ಅದನ್ನು ಎಳೆದು ಧೂಳು ಊದಿದ. ಮೊದಲು ನನ್ನ ಕಿಸೆಯ ಪೆನ್ನು ನೋಡಿದ, ಆಮೇಲೆ ಮುಖ ನೋಡಿದ, ಕೂಡಲೇ ರಂದಾಕ್ಕೆ ಚರಿತ್ರೆ ಹುಟ್ಟಿತು.

‘ಸಂಸ್ಥಾನದ ಕಾಲದ್ದು ರೀ ಸರ. ಅರಮನಿ ಬಡಿಗ್ಯಾರ ಕೈಯಾಗಿಂದು. ಈಗಿನಾವೆಲ್ಲಾ ತಗಡ.’

ಮಕ್ಕಳಿಗೆ ಆಧಾರವಿಲ್ಲದೆ ಯಾವುದನ್ನೂ ನಂಬಬೇಡಿ ಎಂದು ಬೋಧಿಸುವ ನಾನು ಅದನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡು ಬಂದೆ. ಕಪ್ಪಾದ ಜಾಲಿ ಕಟ್ಟಿಗೆಯ ಮೈ, ಅಲಗು ಬಿಗಿಯಲು ಒಂದು ಬೆಣೆ, ಹಿಡಿಯುವಲ್ಲಿ ಯಾರದೋ ಅಂಗೈ ಸವೆಸಿದ ನುಣುಪು. ಅಷ್ಟರಲ್ಲಿ ಮಹಾನವಮಿ ಬಂತು. ನಮ್ಮಲ್ಲಿ ಅಂದು ಖಂಡೆ ಪೂಜೆ. ಒಕ್ಕಲಿಗನ ಕುಡಗೋಲಿನಿಂದ ಹಿಡಿದು ಟ್ರ್ಯಾಕ್ಟರಿನವರೆಗೆ ಎಲ್ಲವನ್ನೂ ತೊಳೆದು, ವಿಭೂತಿ ಬಳಿದು, ಜಗುಲಿಯ ಮೇಲಿಡುತ್ತಾರೆ. ಒಮ್ಮೆ ಪೂಜೆಗಿಟ್ಟರೆ ದಶಮಿಯ ದಿನ ಎಬ್ಬಿಸುವವರೆಗೆ ಯಾರೂ ಮುಟ್ಟುವಂತಿಲ್ಲ. ಇಷ್ಟು ವರ್ಷ ನಾನು ಇಡುತ್ತಿದ್ದದ್ದು ಒಂದು ಪೆನ್ನು, ಒಂದು ಸ್ಕೂಟರು. ಈ ಸಲ ನನ್ನ ಬಳಿಯೂ ಖರೇ ಆಯುಧಗಳಿದ್ದವು. ಅರಮನೆಯ ರಂದಾವನ್ನು ಹಾಗೆಯೇ ಒರೆಸಿ ಇಡಲು ಮನಸ್ಸು ಬರಲಿಲ್ಲ. ಶತಮಾನದ ಕೊಳೆ ಹೋಗಲಿ ಎಂದು ಹಿಂದಿನ ದಿನವೇ ಬಿಸಿನೀರಿಗೆ ಸೀಗೆಪುಡಿ ಹಾಕಿ, ಬಕೀಟಿನಲ್ಲಿ ಅದನ್ನು ಅಡ್ಡ ಮಲಗಿಸಿ, ಮೇಲೊಂದು ಕಲ್ಲಿಟ್ಟೆ. ಬೆಳಿಗ್ಗೆ ತೆಗೆದು ಬಿಸಿಲಿಗಿಟ್ಟೆ. ಅಡ್ಡಗಂಧ ಬಳಿದು ನೀಲಿ ರಂದಾದ ಪಕ್ಕದಲ್ಲಿ ಕೂರಿಸಿ ಆರತಿ ಮಾಡಿದೆ. ಆರತಿ ನಡೆಯುವಾಗಲೇ ಟಕ್ ಎಂದು ಒಂದು ಸದ್ದಾಯಿತು. ಸುಮಿತ್ರಾ ಶುಭಶಕುನ ಎಂದಳು. ಆಕೆ ಹಾಗೆ ನಗದೆ ಹೇಳಿದಾಗ ನಾನು ಹೆದರಬೇಕಿತ್ತು.

ದಶಮಿಯ ಮಧ್ಯಾಹ್ನ ಇಳಿಹೊತ್ತಿಗೆ ಬನ್ನಿ ಕೊಡಲು ಮಾನಪ್ಪ ಬಂದ. ಊರು ಮುಳುಗಿದ ಮೇಲೂ ಅವ್ವನಿಗೆ ಬನ್ನಿ ಕೊಡುವುದನ್ನು ಅವನು ಒಂದು ವರ್ಷವೂ ತಪ್ಪಿಸಿಲ್ಲ. ಅರವತ್ತು ದಾಟಿದ ಆಳು, ಅವ್ವನನ್ನು ಅಕ್ಕಾ ಎನ್ನುತ್ತಾನೆ. ಬಾಗಿಲು ಬಿಗಿದಿತ್ತು, ಹಿತ್ತಲ ಕಡೆಯಿಂದ ಬಾ ಎಂದು ಕಿಟಕಿಯಿಂದ ಕೂಗಿದೆ. ಅವನು ಬರಲಿಲ್ಲ. ತನ್ನ ಅಪ್ಪ ಮಾಡಿದ ಬಾಗಿಲ ಮುಂದೆ ನಿಂತು, ಹೊರಮೈಗೂ ಹಬ್ಬಿದ್ದ ಅಂಚಿನ ಗಾಯಗಳ ಮೇಲೆ ಬೆರಳಾಡಿಸಿದ. ಯಾವ ಪ್ರಾಣಿ ಇದು ಎಂದು ಕೇಳಿದ. ನಾನು ಎಂದೆ.

ಒಳಗೆ ಬಂದು, ಬನ್ನಿ ಕೊಟ್ಟು, ಚಹಾ ಕುಡಿದು, ಜಗುಲಿಯ ಮೇಲಿನ ಎರಡೂ ರಂದಾ ಕೆಳಗಿಳಿಸಿದ. ಅರಮನೆಯದು ಹೊಟ್ಟೆಯುದ್ದಕ್ಕೂ ಸೀಳಿತ್ತು. ಬೆಣೆ ಉಬ್ಬಿ ಅಲಗು ಅಲ್ಲಾಡದಂತೆ ಸಿಕ್ಕಿಬಿದ್ದಿತ್ತು. ನೀರಿನಲ್ಲಿ ನೆನೆಸಿದಿರಾ ಎಂದು ಕೇಳಿ, ಉತ್ತರಕ್ಕೆ ಕಾಯದೆ ಪಕ್ಕಕ್ಕಿಟ್ಟ. ಸಂಸ್ಥಾನದ ವಿಷಯ ಹೇಳಿದೆ. ಇಂಥವು ಪ್ರತಿ ಬಡಿಗೇರ ಮನೆಯಲ್ಲೂ ನಾಲ್ಕಿದ್ದವು, ಮುಳುಗಡೆಯಲ್ಲಿ ಎಲ್ಲರೂ ಗುಜರಿಗೆ ಹಾಕಿದ್ದು ಎಂದ. ನೀಲಿಯದರ ಅಲಗು ಬಿಚ್ಚಿ ಬೆಳಕಿಗೆ ಹಿಡಿದು, ಇದನ್ನು ಮಸೆದಿದ್ದೀರಾ ಎಂದ. ಅಂಗಡಿಯಿಂದ ತಂದ ಹೊಸ ಅಲಗನ್ನೂ ಮಸೆಯಬೇಕೆಂದು ನನಗೆ ಅಂದು ತಿಳಿಯಿತು. ಅಷ್ಟೊಂದು ಓದಿದ ಇಂಟರ್ನೆಟ್ಟಿನಲ್ಲಿ ಅದು ನನಗೆ ತಿಳಿಯದ ಅರ್ಧದಲ್ಲಿ ಇದ್ದಿರಬೇಕು.

ಹಿತ್ತಲಿನ ಒಗೆಯುವ ಕಲ್ಲಿನ ಮೂಲೆಯ ಮೇಲೆ ನೀರು ಚಿಮುಕಿಸಿ ಅವನು ಅಲಗು ಮಸೆದ. ಇಬ್ಬರೂ ಕೂಡಿ ಬಾಗಿಲು ಇಳಿಸಿ ಎರಡು ಸ್ಟೂಲಿನ ಮೇಲೆ ಅಂಚು ಮೇಲಾಗುವಂತೆ ಅಡ್ಡಲಾಗಿ ನಿಲ್ಲಿಸಿದೆವು. ಅವನು ಅಂಚು ನೋಡಿ ನಕ್ಕ.

‘ಕಟಗಿ ಉಬ್ಬಿದ್ದು ಸ್ವಲ್ಪ ರೀ ಮಾಸ್ತರ. ನಿಮ್ಮ ಬಣ್ಣಾನ ಜಾಸ್ತಿ ಉಬ್ಬೇತಿ.’

ಮೂರು ಕೋಟು ವಾರ್ನಿಶ್ ಅಂಚಿಗೂ ಬಳಿದಿದ್ದೆನಲ್ಲ. ಕಟ್ಟಿಗೆಯ ಎಳೆ ಯಾವ ಕಡೆ ಮಲಗಿದೆ ಎಂದು ಅಂಗೈಯಿಂದ ಸವರಿ ನೋಡಿ, ನಾನು ನೂಕಿದ ದಿಕ್ಕಿಗೆ ವಿರುದ್ಧ ದಿಕ್ಕಿನಿಂದ ಅವನು ರಂದಾ ಹೊಡೆದ. ಹಣೆಬರಹವೇ ಇಷ್ಟು ಎಂದು ನಾನು ಜರಿದ ನೀಲಿ ರಂದಾದ ಬಾಯಿಂದ ಸುರುಳಿ ಸುರುಳಿಯಾಗಿ ಸಿಪ್ಪೆ ಬಂತು. ಬೇವಿನ ಗಿಡದ ಕೆಳಗಿನ ಅದೇ ಸುರುಳಿ, ಅದೇ ಸಾಗವಾನಿಯ ವಾಸನೆ. ನನಗೆ ಖುಷಿಯಾಗಬೇಕಿತ್ತು, ಅವಮಾನವಾಯಿತು. ಬಡಿಗೇರ ಅಜ್ಜನ ಆ ದೊಡ್ಡ ರಂದಾ ಎಲ್ಲಿದೆ, ಅದರಿಂದ ಹೊಡೆದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತಲ್ಲ ಎಂದೆ. ಮಾನಪ್ಪ ಕೆಲಸ ನಿಲ್ಲಿಸಲಿಲ್ಲ.

‘ಅದನ್ನ ಒಲಿಗೆ ಹಾಕಿದ್ನಿ ರೀ. ಊರ ಬಿಟ್ಟ ವರ್ಷ ಮಗಳ ಬಾಣಂತನ ತಗಡಿನ ಶೆಡ್ಡಿನಾಗ ಆತು. ಮಳಿ ಹಿಡದಿತ್ತು, ಒಂದ ಒಣಾ ಕಟಗಿ ಇರಲಿಲ್ಲ. ಕೂಸಿಗೆ ನೀರ ಕಾಸಬೇಕಿತ್ತು.’

ಅಂಥ ವಸ್ತುವನ್ನು, ಎಂದು ನಾನು ಶುರು ಮಾಡಿದೆ. ಅವನು ಸಿಪ್ಪೆ ಝಾಡಿಸಿ ನನ್ನ ಕಡೆ ತಿರುಗಿದ. ‘ನಮ್ಮಪ್ಪನ ಕೈಯಾಗ ಬಂದಾಗ ಅದೂ ಹೊಸಾದ ಇತ್ತಲ್ರಿ’ ಎಂದ. ಅಷ್ಟೇ ಹೇಳಿ ಮತ್ತೆ ರಂದಾ ಹಿಡಿದ.

ಅಂಚು ಮುಗಿಯಿತು. ಬಾಗಿಲನ್ನು ಸ್ಟೂಲುಗಳ ಮೇಲೆ ಮಲಗಿಸಿದೆವು. ಹೊರಮೈ ಮೇಲಾಯಿತು, ‘ಮು. ೨೧೪’ ಸಂಜೆ ಬಿಸಿಲಿಗೆ ಹೊಳೆಯಿತು. ಇನ್ನು ಮುಂದೆ ತಲೆಬಾಗಿಲಿನಿಂದಲೇ ಬಾ ಅಕ್ಕಾ, ಕೂಸು ನೂಕಿದರೂ ತೆರೆಯುತ್ತದೆ ಎಂದು ಮಾನಪ್ಪ ಹೇಳಿದ. ಅಷ್ಟು ಹೊತ್ತು ಹೊರಸಿನ ಮೇಲೆ ಕುಳಿತು ನೋಡುತ್ತಿದ್ದ ಅವ್ವ ಎದ್ದು ಬಂದಳು. ಅಂಚನ್ನು ನೋಡಲೇ ಇಲ್ಲ. ನಂಬರಿನ ಮೇಲೆ ಬೆರಳಿಟ್ಟಳು.

‘ಮಾನಪ್ಪಾ, ಇದೂ ಹೋಗತೈತೇನು?’

ಅದು ಹೋಗಬಾರದು ಎಂದು ನಾನು ನಡುವೆ ಬಾಯಿ ಹಾಕಿದೆ. ಅದು ಇತಿಹಾಸ, ನಮ್ಮೂರಿನದೆಂದು ಉಳಿದಿರುವ ಒಂದೇ ಬರಹ, ಅದಕ್ಕೇ ನಾನು ಕಷ್ಟಪಟ್ಟು ತಿದ್ದಿದ್ದು ಎಂದೆ. ಅವ್ವ ನನ್ನ ಪಾಠವನ್ನು ಪೂರ್ತಿ ಕೇಳಿದಳು. ಆಕೆಗೆ ಓದಲು ಬರುವುದಿಲ್ಲ. ಆಮೇಲೆ ಸಮಾಧಾನದಿಂದಲೇ ಹೇಳಿದಳು.

‘ಆವಾಗ ನನ್ನ ಹೆಸರ ಯಾರೂ ಕೇಳಲಿಲ್ಲೋ ತಮ್ಮಾ. ಯಾವ ಕಚೇರಿಗಿ ಹೋದ್ರೂ ನಂಬರ್ ಎಷ್ಟಬೇ ಅಂದ್ರು. ನಿಮ್ಮಪ್ಪಗೂ ಅದನ್ನ ಕೇಳಿದ್ರು. ಅಂವಾ ಸಾಯೂತನಕಾ ಅದನ್ನ ಬಾಯಾಗ ಇಟ್ಕೊಂಡಿದ್ದ. ಮಾಸಾಕತ್ತಿತ್ತು, ಮರತಬಿಟ್ಟಿದ್ನಿ. ನೀ ತೊಳದು ಎಬ್ಬಿಸಿ ನಿಂದರಿಸಿದಿ. ಹೊಸ್ತಲಕ್ಕ ಕುಂಕುಮ ಹಚ್ಚಿ ತಲಿ ಎತ್ತಿದ್ರ ಅದ ಕಾಣತೈತಿ. ಮುಳಗೂ ಮನಿ ಅಂತ ಬರದ ಬಾಗಲಕ್ಕ ನಾ ದಿನಾ ಹ್ಯಾಂಗ ಪೂಜಿ ಮಾಡ್ಲಿ?’

ಹಾಗಾದರೆ ಬಾಗಿಲು ಬಿಗಿಯುತ್ತದೆ ಎಂದಿದ್ದೆಯಲ್ಲ ಎಂದೆ. ಅದು ಮೊದಲಿನಿಂದಲೂ ಬಿಗಿಯುತ್ತದೆ, ಊರಲ್ಲಿದ್ದಾಗಲೂ ಮಳೆಗಾಲದಲ್ಲಿ ಹಾಗೆಯೇ, ಅದು ನನಗೇನು ಭಾರ ಎಂದಳು ಅವ್ವ. ಎರಡು ಮಳೆಗಾಲ ಹಿತ್ತಲ ಕೆಸರಿನಲ್ಲಿ ಓಡಾಡಿದ್ದನ್ನು ಆಕೆ ಒಂದು ದಿನವೂ ನನಗೆ ಹೇಳಿರಲಿಲ್ಲ. ಮಗ ಅಷ್ಟು ಆಸೆಯಿಂದ ಬಣ್ಣ ಹಚ್ಚಿದ್ದಾನೆ, ಬಂದವರಿಗೆಲ್ಲ ತೋರಿಸುತ್ತಾನೆ, ಇರಲಿ ಎಂದು ಸುಮ್ಮನಿದ್ದಳು. ನನಗೆ ನಾಚಿಕೆಯಾಯಿತು. ಸಣ್ಣ ನಾಚಿಕೆಯಲ್ಲ, ತರಗತಿಯಲ್ಲಿ ತಪ್ಪು ಪಾಠ ಮಾಡಿದ್ದು ಗೊತ್ತಾದರೂ ಆಗದಷ್ಟು ದೊಡ್ಡ ನಾಚಿಕೆ. ಊರು ಮುಳುಗುವುದನ್ನು ನಾನೂ ನೋಡಿದ್ದೆ. ಆದರೆ ಆಗಲೇ ನನಗೆ ಜಮಖಂಡಿಯಲ್ಲಿ ನೌಕರಿ, ಬಾಡಿಗೆ ಮನೆ, ಹಾಜರಿ ಪುಸ್ತಕದಲ್ಲಿ ನನ್ನದೇ ಹೆಸರು ಎಲ್ಲ ಇದ್ದವು.

ಮಾನಪ್ಪ ನಂಬರಿದ್ದ ಜಾಗದಲ್ಲಿ ಮೊಳೆಯಿದೆಯೇ ಎಂದು ಬೆರಳಿನಿಂದ ತಡವಿ ನೋಡಿದ. ಅಲಗನ್ನು ಇನ್ನೊಮ್ಮೆ ಮಸೆದು ತಂದ. ತಾನು ಹೊಡೆಯಲಿಲ್ಲ. ನೀಲಿ ರಂದಾವನ್ನು ನನ್ನ ಕೈಗಿಟ್ಟ.

‘ತಿದ್ದಿ ಬರದವರು ನೀವ. ತಗಿಯೂದೂ ನೀವ ತಗೀರಿ ಮಾಸ್ತರ.’

ಎಳೆಯ ದಿಕ್ಕು ತೋರಿಸಿದ, ಎಷ್ಟು ಒತ್ತಬೇಕೆಂದು ನನ್ನ ಕೈಮೇಲೆ ಕೈಯಿಟ್ಟು ಒಮ್ಮೆ ಎಳೆದು ತೋರಿಸಿದ. ಆಮೇಲೆ ಬಿಟ್ಟ. ಮೊದಲು ನನ್ನ ಮೂರು ಕೋಟು ವಾರ್ನಿಶ್ ಪುಡಿಪುಡಿಯಾಗಿ ಎದ್ದಿತು. ಆಮೇಲೆ ನನ್ನ ಕೆಂಪು ಬಂತು. ಅದರ ಕೆಳಗೆ ಇನ್ನೊಂದು ಮಸುಕಾದ ಕೆಂಪು, ಆ ಅಚ್ಚುಕಟ್ಟಾದ ಅಕ್ಷರದವನದು. ಅದು ಕಟ್ಟಿಗೆಯೊಳಗೆ ಇಳಿದುಬಿಟ್ಟಿತ್ತು, ಬಹಳ ಹೊತ್ತು ಹಿಡಿಯಿತು. ನಾಲ್ಕು ಹೋಯಿತು, ಒಂದು ಹೋಯಿತು, ಎರಡು ಹೋಯಿತು, ಕೊನೆಗೆ ‘ಮು’ ಹೋಯಿತು. ಒಂದು ಮಗ್ಗುಲು ಕೆಂಪಾದ ಸಿಪ್ಪೆಗಳನ್ನೆಲ್ಲ ಅವ್ವ ತಾನೇ ಬಾಚಿ, ಸೆರಗಿನಲ್ಲಿ ತುಂಬಿಕೊಂಡು ಹೋಗಿ ಹಿತ್ತಲ ಒಲೆಗೆ ಹಾಕಿದಳು. ಅವುಗಳಲ್ಲಿ ಒಂದನ್ನಾದರೂ ನೆನಪಿಗೆ ಎತ್ತಿಡೋಣವೆಂದು ನನ್ನ ಕೈ ಚಡಪಡಿಸಿತು. ಎತ್ತಿಡಲಿಲ್ಲ. ಇಷ್ಟು ವರ್ಷದ ರೋಗಿಗೆ ಅದು ಸಣ್ಣ ಸಾಧನೆಯಲ್ಲ.

ಈಗ ಬಾಗಿಲ ನಡುವೆ ಅಂಗೈಯಗಲದ ಎರಡರಷ್ಟು ಜಾಗ ಬಿಳಿಚಿಕೊಂಡಿದೆ, ಸ್ವಲ್ಪ ತಗ್ಗಾಗಿಯೂ ಇದೆ. ಅಲ್ಲಿ ಏನಿತ್ತು ಎಂದು ಯಾರಾದರೂ ಕೇಳಿದರೆ ನಾನು ಚಹಾ ತಗೊಳ್ಳಿ ಎನ್ನುತ್ತೇನೆ. ಬರುವವರು ಮತ್ತೆ ಹೆಚ್ಚಾಗಿದ್ದಾರೆ. ನೀಲಿ ರಂದಾವನ್ನು ಮಾನಪ್ಪನೇ ಒಯ್ದ, ನಿಮ್ಮ ಕೈಯಲ್ಲಿ ಇದ್ದರೆ ಅಪಾಯ ಎಂದು ನೇರವಾಗಿಯೇ ಹೇಳಿ. ಸೀಳಿದ ಅರಮನೆಯ ರಂದಾ ಯಾರಿಗೂ ಬೇಡವಾದ್ದರಿಂದ ಗಾಜಿನ ಕಪಾಟು ಸೇರಿತು. ಹಳೆಯದು ಲೇಸೋ ಹೊಸದು ಲೇಸೋ ಎಂದು ಕಂಪ್ಯೂಟರಿನಲ್ಲಿ ಬಡಿದಾಡುವವರು ಇನ್ನೂ ಬಡಿದಾಡುತ್ತಿರಬಹುದು. ನಾನು ಆ ಓಣಿಗೆ ಹೋಗುವುದನ್ನು ಬಿಟ್ಟಿದ್ದೇನೆ.

ಒಂದು ಮಾತು ಉಳಿಯಿತು. ಮಾನಪ್ಪ ಅಂಚನ್ನು ಅಷ್ಟು ಚೆನ್ನಾಗಿ ಹೆರೆದರೂ, ಜೋರು ಮಳೆ ಹಿಡಿದಾಗ ಆ ಬಾಗಿಲು ಈಗಲೂ ಒಂದಿಷ್ಟು ಬಿಗಿಯುತ್ತದೆ. ನಸುಕಿನಲ್ಲಿ ಹಾಸಿಗೆಯಲ್ಲಿ ಮಲಗಿರುವ ನನಗೆ ಚಿಲಕ ತೆಗೆಯುವುದು ಕೇಳುತ್ತದೆ, ಆಮೇಲೆ ಬಾಗಿಲು ಮೊಂಡು ಹಿಡಿದು ಕಿರುಗುಟ್ಟುವುದು ಕೇಳುತ್ತದೆ. ಮೊದಲ ಸಲ ಎದ್ದು ಓಡಿಹೋಗಿ, ನಾನು ತೆಗೆಯುತ್ತೇನೆ, ನೀನು ಪಕ್ಕಕ್ಕೆ ಸರಿ ಎಂದೆ. ಅವ್ವ ಸರಿಯಲಿಲ್ಲ. ಭುಜ ಕೊಟ್ಟು, ಒಮ್ಮೆ ಎತ್ತಿ ಎಳೆದು ಬಾಗಿಲು ತೆಗೆದಳು, ನೀರಿನ ಚರಿಗೆ ಎತ್ತಿಕೊಂಡು ಹೊಸ್ತಿಲು ದಾಟಿದಳು.